ಏನು ತಿನ್ನುತ್ತದೆ?

ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಫೈಲ್‌ಫಿಶ್ ಎಂಬ ನಾಚಿಕೆಯ ಮೀನಿನ ಮೇಲೆ ವಿಶೇಷ ಮೋಹ. ಅದರಲ್ಲೂ ಕಿತ್ತಳೆ ಚುಕ್ಕೆಯದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ತಿಳಿಹಸಿರು ಮೈ, ಚೂಪು ಮೂತಿ, ಬೆರಳುದ್ದದ ಗಾತ್ರ. ಆದರೆ ಇದರ ಆಹಾರ ಬಹುಮಟ್ಟಿಗೆ ಒಂದೇ: ಆಕ್ರೊಪೊರಾ ಎಂಬ ಕವಲು ಹವಳದ ಜೀವಂತ ಪಾಲಿಪ್‌ಗಳು. ಆ ಹವಳವನ್ನು ತಿಂದು ತಿಂದು ಮೀನಿನ ಮೈಗೂ ಅದರದೇ ವಾಸನೆ ಬರುತ್ತದೆ. ಬೇಟೆಗೆ ಬಂದ ಮೀನುಗಳಿಗೆ ಗುರುತು ಸಿಗುವುದು ಕಷ್ಟ. 1998ರಲ್ಲಿ ಸಮುದ್ರ ಬಿಸಿಯಾಗಿ ಜಪಾನಿನ ಓಕಿನಾವಾದ ಹವಳಗಳು ಬಿಳುಚಿಕೊಂಡಾಗ ಅಲ್ಲಿ ಈ ಮೀನೂ ಕಾಣದಾಯಿತು. ಇಂಥ ಜೀವಿಯನ್ನು ತಂದು ಗಾಜಿನೊಳಗೆ ಬಿಟ್ಟರೆ, ಎದುರಿಗೆ ಸುರಿದ ಸೀಗಡಿ ಅದಕ್ಕೆ ಊಟವೆಂದೇ ಅನ್ನಿಸುವುದಿಲ್ಲ. ನಮ್ಮ ಕಡಲಿನಿಂದ ಹವಳ ತಂದು ಹಾಕೋಣವೆಂದರೆ, 2001ರಿಂದ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಹಾಗಿರುವುದೇ ಸರಿ.

ಇದರ ಬಳಗದಲ್ಲೇ ಬ್ರಿಸಲ್‌ಟೇಲ್ ಎಂಬ ಇನ್ನೊಂದಿದೆ. ರೂಪವಂತನೇನಲ್ಲ. ಸುತ್ತಲಿನ ಬಣ್ಣಕ್ಕೆ ಮೈಬಣ್ಣ ಹೊಂದಿಸಿಕೊಂಡು, ತಲೆ ಕೆಳಗೆ ಮಾಡಿ ಪಾಚಿಯ ಎಸಳಿನಂತೆ ನಿಂತುಬಿಡುತ್ತದೆ. ಹೆದರಿದರೆ ಸಂದಿಗೆ ನುಗ್ಗಿ, ತಲೆಯ ಮೇಲಿನ ಮುಳ್ಳನ್ನು ಎತ್ತಿ ಅಲ್ಲೇ ಬಿಗಿದುಕೊಳ್ಳುತ್ತದೆ. ರಾತ್ರಿ ಯಾವುದಾದರೂ ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ನಿದ್ದೆ. ಶೈತ್ಯೀಕರಿಸಿದ ಸೀಗಡಿ ಮರಿಯನ್ನು ತಿನ್ನಲು ಕಲಿಯುತ್ತದೆ ಎಂಬುದೇ ಇದರ ದೊಡ್ಡ ಗುಣ. ಸಾಕುವವನು ಮಾಡಬೇಕಾದದ್ದು ಇಷ್ಟೆ: ಮೊದಲ ದಿನಗಳಲ್ಲಿ ದೀಪ ಮಂದವಿರಲಿ, ಅಡಗಲು ಜಾಗವಿರಲಿ, ನುಂಗಣ್ಣರಂಥ ಚುರುಕು ಮೀನುಗಳು ಜೊತೆಗಿರದಿರಲಿ, ಚೂರು ಚೂರೇ ಆಹಾರವನ್ನು ದಿನಕ್ಕೆ ಹಲವು ಬಾರಿ ಹಾಕಲಿ. ಹಾಕಿದ ಮೇಲೆ ಗಾಜಿನ ಮುಂದಿನಿಂದ ಸರಿಯುವುದು ಕೊನೆಯ ಕೆಲಸ, ಅದೇ ಎಲ್ಲಕ್ಕಿಂತ ಕಷ್ಟದ್ದು.

ನಾವು ಗೃಹಸ್ಥರು ಆತಿಥ್ಯವನ್ನು ದೊಡ್ಡ ಧರ್ಮವೆಂದುಕೊಂಡವರು. ಆದರೂ ಸಂಕೋಚದ ನೆಂಟರು ಬಂದಾಗ ‘ನಾಚ್ಕೋಬೇಡಿ, ಬಡಿಸ್ಕೊಳ್ಳಿ’ ಎನ್ನುತ್ತ ಅವರ ಎಲೆಯನ್ನೇ ನೋಡುತ್ತ ನಿಲ್ಲುತ್ತೇವೆ. ಹೊಸದಾಗಿ ಮನೆಗೆ ಬಂದ ಸೊಸೆಗೆ ಏನು ರುಚಿಸುತ್ತದೆಂದು ಕೇಳುವ ಮೊದಲೇ ನಮ್ಮ ಮನೆಯ ರುಚಿಯನ್ನು ಹೊಗಳಲು ತೊಡಗುತ್ತೇವೆ. ಪ್ರೀತಿಗೇನೂ ಕೊರತೆಯಿಲ್ಲ, ವಿಚಾರಿಸುವ ಅಭ್ಯಾಸ ಮಾತ್ರ ಸಾಲದು. ಮೌನವಾಗಿರುವವರ ವಿಷಯದಲ್ಲಿ ಅಕ್ಕರೆಗಿಂತ ಮುಂಚೆ ವಿಚಾರಣೆ ಬೇಕು; ಅವರು ತಾವಾಗಿ ದೂರು ಹೇಳುವುದಿಲ್ಲ.

ಮೀನಿನ ಅಂಗಡಿಗೆ ಹೋಗುವವರಲ್ಲಿ ಒಂದು ವಿನಂತಿ. ಬೆಲೆ ಕೇಳುವ ಮೊದಲು, ‘ಇದು ತಿನ್ನುವುದನ್ನು ಒಮ್ಮೆ ತೋರಿಸಿ’ ಎನ್ನಿ. ಅಂಗಡಿಯವರು ಹಾಕಿದ ಆಹಾರವನ್ನು ಅದು ಮುಟ್ಟದಿದ್ದರೆ, ಎಷ್ಟೇ ಚೆಂದವಿರಲಿ, ಕೊಳ್ಳಬೇಡಿ.