ಧುತಾಂಗ: ಕಾಡಿನ ಭಿಕ್ಷುಗಳ ವ್ರತಗಳು

ಥೇರವಾದ ಬೌದ್ಧ ಸಂಪ್ರದಾಯದಲ್ಲಿ ಅರಣ್ಯವಾಸಿ ಭಿಕ್ಷುಗಳು ತಾವಾಗಿಯೇ ಕೈಗೊಳ್ಳುವ ಕಠಿಣ ವ್ರತಗಳಿಗೆ ಪಾಲಿಯಲ್ಲಿ ‘ಧುತಾಂಗ’ ಎಂದು ಹೆಸರು. ‘ಧುತ’ ಎಂದರೆ ಕೊಡವಿದ್ದು. ಇಲ್ಲಿ ಕೊಡವಬೇಕಾದದ್ದು ಆಸೆ. ವ್ರತಗಳು ಒಟ್ಟು 13. ಕ್ರಿ.ಶ. 5ನೇ ಶತಮಾನದಲ್ಲಿ ಬುದ್ಧಘೋಷ ಶ್ರೀಲಂಕೆಯಲ್ಲಿ ಬರೆದ ‘ವಿಸುದ್ಧಿಮಗ್ಗ’ದ ಎರಡನೆಯ ಅಧ್ಯಾಯ ಪೂರ್ತಿ ಇವಕ್ಕೇ ಮೀಸಲು.

ಉಡಲು ಬಿಸಾಕಿದ ಚಿಂದಿಯಿಂದ ಹೊಲಿದ ಚೀವರ, ಅದೂ ಮೂರಕ್ಕಿಂತ ಹೆಚ್ಚಿಲ್ಲ. ಇರಲು ಕಾಡು, ಮರದ ಬುಡ, ಬಯಲು ಇಲ್ಲವೇ ಸ್ಮಶಾನ. ಊಟದ ವ್ರತಗಳು ಇನ್ನೂ ಸೂಕ್ಷ್ಮ. ಭಿಕ್ಷೆಗೆ ಹೊರಟವನು ಒಳ್ಳೆಯ ಅಡುಗೆಯ ಮನೆ ಹುಡುಕದೆ ಸಾಲಾಗಿ ಹೋಗಬೇಕು. ಸಿಕ್ಕಿದ್ದನ್ನೆಲ್ಲ ಒಂದೇ ಪಾತ್ರೆಯಲ್ಲಿ ಉಣ್ಣಬೇಕು. ಅನ್ನ, ಖಾರದ ಪಲ್ಯ, ಸಿಹಿ, ಹಣ್ಣು ಎಲ್ಲವೂ ಅದರಲ್ಲೇ ಕಲಸಿಹೋಗುತ್ತವೆ. ನಾಲಿಗೆಯ ಹಟಕ್ಕೆ ಇದೇ ಮದ್ದು. ಕೂತಲ್ಲಿಂದ ಒಮ್ಮೆ ಎದ್ದರೆ ಆ ದಿನದ ಊಟ ಮುಗಿಯಿತು. ಎಲ್ಲಕ್ಕಿಂತ ಕಷ್ಟದ್ದು ಕೊನೆಯ ವ್ರತ: ನೆಲಕ್ಕೆ ಮೈ ಚಾಚದೆ ಇರುಳಿಡೀ ಕೂತೇ ಕಳೆಯುವುದು.

ಅತಿಯಾದ ದೇಹದಂಡನೆ ಬಿಟ್ಟು ಮಧ್ಯಮ ಮಾರ್ಗ ಹಿಡಿದ ಬುದ್ಧನ ಧರ್ಮದಲ್ಲಿ ಇವಕ್ಕೆ ಎಡೆ ಹೇಗೆ? ಉತ್ತರ ಪಟ್ಟಿಯಲ್ಲೇ ಇದೆ. 13ರಲ್ಲಿ ಉಪವಾಸ ಒಂದೂ ಇಲ್ಲ. ಜೈನ ಮುನಿಗಳ ಕೇಶಲೋಚ, ನಿರಾಹಾರಗಳನ್ನು ಬಲ್ಲ ಕನ್ನಡಿಗರಿಗೆ ಇವು ಸೌಮ್ಯವಾಗಿಯೇ ಕಂಡಾವು. ಮೇಲಾಗಿ ಪ್ರತಿ ವ್ರತಕ್ಕೂ ಉತ್ತಮ, ಮಧ್ಯಮ, ಮೃದು ಎಂಬ ಮೂರು ಹದಗಳಿವೆ. ಬಲವಂತವೂ ಇಲ್ಲ. ಭಿಕ್ಷುಗಳೆಲ್ಲ ಜೀವನಪರ್ಯಂತ ಕಾಡಲ್ಲೇ ಇರಬೇಕು, ಚಿಂದಿಯನ್ನೇ ಉಡಬೇಕು, ಮೀನು ಮಾಂಸ ಮುಟ್ಟಬಾರದು ಎಂಬಂಥ ಐದು ನಿಯಮಗಳನ್ನು ಬುದ್ಧನ ದಾಯಾದಿ ಭಿಕ್ಷು ದೇವದತ್ತ ಮುಂದಿಟ್ಟಾಗ ಬುದ್ಧ ಒಪ್ಪಲಿಲ್ಲ. ಬೇಕಾದವರು ಕಾಡಲ್ಲಿರಲಿ, ಬೇಕಾದವರು ಊರ ಬಳಿ ಇರಲಿ ಎಂದ. ಮರದ ಬುಡದ ವಾಸವನ್ನೂ ಮಳೆಗಾಲ ಬಿಟ್ಟು ಎಂಟು ತಿಂಗಳಿಗಷ್ಟೇ ಒಪ್ಪಿದ. ಅತ್ತ ಧುತಾಂಗಗಳಲ್ಲಿ ಅಗ್ರನೆನಿಸಿದ ಶಿಷ್ಯ ಮಹಾಕಾಶ್ಯಪನಿಗೆ, ವಯಸ್ಸಾಯಿತು, ಭಾರದ ಚಿಂದಿ ಬಿಡು ಎಂದು ಬುದ್ಧನೇ ಹೇಳಿದರೂ ಅವನು ಬಿಡಲಿಲ್ಲ. ಹೊಗಳಿಕೆಗಾಗಿ ವ್ರತ ಹಿಡಿಯುವವರನ್ನಂತೂ ಗ್ರಂಥಗಳು ಖಂಡಿಸುತ್ತವೆ.

ಆಧುನಿಕ ಕಾಲದಲ್ಲಿ ಈ ವ್ರತಗಳಿಗೆ ಹೊಸ ಜೀವ ಬಂದದ್ದು ಈಶಾನ್ಯ ಥಾಯ್ಲೆಂಡಿನಲ್ಲಿ, ಅಜಾನ್ (ಗುರು) ಸಾವೊ ಮತ್ತು ಅವರ ಶಿಷ್ಯ ಅಜಾನ್ ಮುನ್ (1870–1949) ಅವರಿಂದ. ಪಾತ್ರೆ, ಚೀವರ, ಸೊಳ್ಳೆಪರದೆ ಇಳಿಬಿಡುವ ದೊಡ್ಡ ಕೊಡೆ ಹೊತ್ತು ಹುಲಿ ತಿರುಗುವ ಕಾಡುಗಳಲ್ಲಿ ಕಾಲ್ನಡೆಯಲ್ಲಿ ಅಲೆಯುವ ಈ ರೀತಿಗೆ ಥಾಯ್ ಭಾಷೆಯಲ್ಲಿ ‘ತುಡೊಂಗ್’ ಎನ್ನುತ್ತಾರೆ. ಅದು ಧುತಾಂಗ ಶಬ್ದದ್ದೇ ತದ್ಭವ. ಮುಂದೆ ಕಾಡು ಕರಗಿ, ಅಲೆದಾಟ ತಗ್ಗಿ, ವಿಹಾರಗಳು ನೆಲೆಗೊಂಡವು. ಇದೇ ಪರಂಪರೆಯ ಅಜಾನ್ ಚಾ 1954ರಲ್ಲಿ ಉಬೋನ್ ಪ್ರಾಂತದಲ್ಲಿ ಸ್ಥಾಪಿಸಿದ ವಾಟ್ ನೋಂಗ್ ಪಾ ಪೋಂಗ್ ಅಂಥದ್ದು. ಅಲ್ಲಿ ವಾರಕ್ಕೊಮ್ಮೆ ಬರುವ ‘ಉಪೋಸಥ’ ಎಂಬ ವ್ರತದ ದಿನದ ಇರುಳಲ್ಲಿ ಭಿಕ್ಷುಗಳ ಜೊತೆ ಊರಿನವರೂ ನಿದ್ದೆಗೆಟ್ಟು ಧ್ಯಾನಕ್ಕೆ ಕೂರುವ ರೂಢಿ ಬೆಳೆಯಿತು.