ಅಲಗು ಮತ್ತು ಅಪರಿಗ್ರಹ

ಮಡಚುವ ಚೂರಿ, ಅಡಕತ್ತರಿಗಳಂತಹ ಪುಟ್ಟ ಸಾಧನಗಳನ್ನು ಬರಿಯ ಚೆಲುವಿಗಾಗಿ ಕೂಡಿಡುವುದು ಅಪರಿಗ್ರಹಕ್ಕೆ, ಅಂದರೆ ಅಗತ್ಯಕ್ಕೆ ಮೀರಿ ಹೊಂದದಿರುವ ವ್ರತಕ್ಕೆ, ಭಂಗವೇ ಎಂಬುದನ್ನು ವಿಚಾರಿಸಲು ಪುಣೆಯಲ್ಲಿ ತಕ್ಕ ಉದಾಹರಣೆಯಿದೆ. ಅಲ್ಲಿನ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವು ಅಡಕತ್ತರಿಗಳ ಸಂಗ್ರಹಕ್ಕೆ ಹೆಸರಾಗಿದೆ. ತಾಂಬೂಲದ ಅಡಿಕೆಯನ್ನು ಸೀಳುವಷ್ಟೇ ಕೆಲಸವಿರುವ ಈ ಉಪಕರಣದ ಹಿಡಿಗಳಿಗೆ ಹಕ್ಕಿ, ಕುದುರೆ, ದಂಪತಿಗಳ ರೂಪ ಕೊಟ್ಟ ಕುಶಲಕರ್ಮಿಗಳು ಉಪಯೋಗ ಮತ್ತು ಸೌಂದರ್ಯಗಳನ್ನು ಬೇರೆಯೆಂದು ಎಣಿಸಿರಲಿಲ್ಲ.

ಜೈನ ಗೃಹಸ್ಥನ ಅನರ್ಥದಂಡ ವ್ರತ, ಎಂದರೆ ನಿಷ್ಪ್ರಯೋಜಕ ಹಿಂಸೆಯಿಂದ ದೂರವಿರುವ ನಿಯಮ, ಆಯುಧಗಳನ್ನು ಇತರರಿಗೆ ಕೊಡುವುದನ್ನೂ ದೋಷವೆಂದೇ ಗಣಿಸುತ್ತದೆ. ಆ ದೃಷ್ಟಿಯಲ್ಲಿ, ಕೈಯಿಂದ ಕೈಗೆ ಹೋಗದೆ ಗಾಜಿನ ಕಪಾಟಿನಲ್ಲಿ ನಿಂತ ಅಲಗು ನಿರಪಾಯಕರವಾದುದು. ಪರಿಗ್ರಹದ ಪ್ರಶ್ನೆ ಮಾತ್ರ ಉಳಿಯುತ್ತದೆ. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ'ವು ಪರಿಗ್ರಹವನ್ನು ವಸ್ತುಗಳ ಸಂಖ್ಯೆಯಿಂದ ಅಳೆಯದೆ ಮೂರ್ಛೆಯಿಂದ, ಅಂದರೆ ತನ್ನದೆಂಬ ಮೋಹದಿಂದ, ನಿರೂಪಿಸುವುದರಿಂದ, ಒಂದೇ ಚೂರಿಯುಳ್ಳವನೂ ಪರಿಗ್ರಹಿಯಾಗಬಲ್ಲನು.

'ಅಜ್ಞಾತವಾಸಿ' ಎಂಬ ಕಾವ್ಯನಾಮದ ಕವಿಯೂ ಆಗಿದ್ದ ದಿನಕರ ಕೇಳಕರರು 1920ರ ಸುಮಾರಿಗೆ ಆರಂಭಿಸಿದ ಸಂಗ್ರಹಕ್ಕೆ ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರಿಟ್ಟು, 1975ರಲ್ಲಿ ಅದನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಒಡೆತನ ಹೀಗೆ ದಾನವಾದಾಗ ಮೂರ್ಛೆಯ ಆಕ್ಷೇಪ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಆದರೆ ಮಗನ ಮೇಲಿನ ಮಮತೆಯೂ ಶಾಸ್ತ್ರದ ಪ್ರಕಾರ ಆಂತರಿಕ ಪರಿಗ್ರಹವೇ ಆಗಿರುವುದರಿಂದ, ವಸ್ತುವನ್ನು ತ್ಯಜಿಸಿದರೂ ಹೆಸರನ್ನು ಉಳಿಸಿಕೊಂಡ ತಂದೆಯ ವಿಷಯದಲ್ಲಿ ಆ ಶಾಸ್ತ್ರದ ತೀರ್ಪು ಅಷ್ಟು ಸುಲಭವಲ್ಲ.