ಉದ್ಯೋಗತ್ಯಾಗವೋ, ಮಮಕಾರತ್ಯಾಗವೋ?

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಪುಷ್ಯ ಬಹುಳ ಅಮಾವಾಸ್ಯೆ ಶ್ರೀ ಪುರಂದರದಾಸರ ಆರಾಧನೆಯ ಪುಣ್ಯದಿನ. ಈ ಸಂದರ್ಭದಲ್ಲಿ ನಮ್ಮ ತರುಣರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದುಂಟು: “ದಾಸರಾಯರು ನವಕೋಟಿ ಸಂಪತ್ತನ್ನೇ ತೊರೆದರು. ಸಂಬಳಕ್ಕಾಗಿ ದುಡಿಯುವ ನಾನೂ ಇದನ್ನು ಬಿಟ್ಟು ಶಾಸ್ತ್ರಾಧ್ಯಯನಕ್ಕೆ, ಹರಿಸೇವೆಗೆ ಏಕೆ ಹೊರಡಬಾರದು?” ಪ್ರಶ್ನೆ ಪ್ರಾಮಾಣಿಕವಾದುದೇ. ಅದನ್ನು ಕೇಳಿ ಮನೆಯ ಹಿರಿಯರು ಕಳವಳಗೊಳ್ಳುವುದೂ ಸಹಜವೇ.

ಶ್ರೀನಿವಾಸ ನಾಯಕರ ಮೂಗುತಿಯ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಅದರಲ್ಲಿ ನಾವು ಗಮನಿಸದಿರುವ ಒಂದಂಶವಿದೆ. ನಾಯಕರು ಬಿಟ್ಟದ್ದು ಲೇವಾದೇವಿಯನ್ನು, ಗೃಹಸ್ಥಾಶ್ರಮವನ್ನಲ್ಲ. ಮಡದಿ ಸರಸ್ವತೀಬಾಯಿಯೂ ಮಕ್ಕಳೂ ಅವರೊಡನೆಯೇ ಹೊರಟರು. ಆ ಬಳಿಕ ನಾಯಕರು ಶ್ರೀ ವ್ಯಾಸರಾಜರ ಪಾದವನ್ನು ಆಶ್ರಯಿಸಿ ದಾಸದೀಕ್ಷೆ ಪಡೆದರು. ಸಂಸಾರವನ್ನು ಬೀದಿಪಾಲು ಮಾಡಿ ಓಡಿಹೋದ ಕಥೆ ಅದಲ್ಲ.

ಇದರ ಮಗ್ಗುಲಲ್ಲಿ ಶ್ರೀ ನರಹರಿತೀರ್ಥರ ಚರಿತ್ರೆಯನ್ನು ಇಟ್ಟು ನೋಡೋಣ. ಅವರು ಆಚಾರ್ಯ ಮಧ್ವರ ಸಾಕ್ಷಾತ್ ಶಿಷ್ಯರು. ಸರ್ವವನ್ನೂ ತೊರೆದು ಗುರುಸನ್ನಿಧಿಯಲ್ಲಿರಬೇಕೆಂದು ಬಯಸಿದ ಅವರಿಗೆ, ಕಳಿಂಗಕ್ಕೆ ಹಿಂದಿರುಗಿ ರಾಜ್ಯಭಾರದ ಹೊಣೆಯನ್ನು ಹೊರುವಂತೆ ಆಚಾರ್ಯರೇ ಅಪ್ಪಣೆಯಿತ್ತರೆಂಬುದು ನಮ್ಮ ಸಂಪ್ರದಾಯ. ಶ್ರೀಕೂರ್ಮಂ ಕ್ಷೇತ್ರದ 1281ನೆಯ ಇಸವಿಯ ಶಾಸನದಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. ಅಧಿಕಾರದಲ್ಲಿದ್ದೂ ಅವರು ಅದಕ್ಕೆ ಅಂಟಿಕೊಳ್ಳಲಿಲ್ಲ. ಮೂಲರಾಮ ಮೂಲಸೀತೆಯರ ಪ್ರತಿಮೆಗಳನ್ನು ಅಲ್ಲಿನ ಭಂಡಾರದಿಂದ ತಂದು ಗುರುಗಳಿಗೆ ಒಪ್ಪಿಸಿದರು.

ಒಬ್ಬರು ವ್ಯವಹಾರವನ್ನು ಬಿಟ್ಟು ಹರಿದಾಸರಾದರು. ಇನ್ನೊಬ್ಬರು ಅಧಿಕಾರದಲ್ಲಿದ್ದೇ ಹರಿದಾಸರಾದರು. ಇಬ್ಬರೂ ತೊರೆದದ್ದು ಒಂದನ್ನೇ: “ನಾನು ಮಾಡುವವನು, ಇದು ನನ್ನದು” ಎಂಬ ಭಾವವನ್ನು. ಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನ ಎಂಬ ಸಿದ್ಧಾಂತದ ಆಚರಣೆಯೆಂದರೆ ಇದೇ. ಕುರುಕ್ಷೇತ್ರದಲ್ಲಿ ಅರ್ಜುನನೂ ಯುದ್ಧವನ್ನು ಬಿಟ್ಟು ಭಿಕ್ಷೆ ಬೇಡಿ ಬದುಕುವೆನೆಂದನು. ನೋಡಲು ಅದು ವೈರಾಗ್ಯವೇ. ಆದರೆ ಅದರ ಬೇರು ಮೋಹದಲ್ಲಿತ್ತು. ಆದುದರಿಂದಲೇ ಭಗವಂತನು ಒಪ್ಪಲಿಲ್ಲ.

ಹೊರಡಬೇಕೆನ್ನುವ ತರುಣನು ಮೂರು ಮಾತುಗಳನ್ನು ತನಗೆ ತಾನೇ ಕೇಳಿಕೊಳ್ಳಲಿ. ನಾನು ಕೆಲಸದ ಬೇಸರದಿಂದ ಓಡುತ್ತಿದ್ದೇನೆಯೋ, ಹರಿಯ ಕಡೆಗೆ ನಡೆಯುತ್ತಿದ್ದೇನೆಯೋ? ನನ್ನನ್ನು ನಂಬಿದ ವೃದ್ಧ ತಾಯಿತಂದೆಗಳ, ಮಡದಿ ಮಕ್ಕಳ ಅನ್ನಕ್ಕೆ ದಾರಿಯಿದೆಯೇ? ಗುರುಗಳ ಅನುಜ್ಞೆಯನ್ನು ಪಡೆದಿದ್ದೇನೆಯೇ? ಕಚೇರಿಯಲ್ಲಿರುವಾಗ ಬೆಳಗಿನ ಒಂದು ಗಂಟೆಯನ್ನು ಪಾಠಕ್ಕೆ ಮೀಸಲಿಡದವನು, ಕಚೇರಿ ಬಿಟ್ಟ ಮೇಲೆ ಇಡೀ ದಿನವನ್ನು ಇಡುವನೆಂಬ ಭರವಸೆಯೇನು?

ಹಿರಿಯರಿಗೂ ಒಂದು ವಿನಂತಿ. ಈ ಮೂರಕ್ಕೂ ಮಗನು ನೇರವಾಗಿ ಉತ್ತರಿಸಬಲ್ಲನಾದರೆ, ಸಂಬಳದ ಲೆಕ್ಕವೊಂದನ್ನೇ ಮುಂದಿಟ್ಟು ಅವನನ್ನು ತಡೆಯಬೇಡಿರಿ. ಸರಸ್ವತೀಬಾಯಿ ಅಡ್ಡ ನಿಂತಿದ್ದರೆ ನಮಗೆ ಪುರಂದರದಾಸರು ದೊರೆಯುತ್ತಿರಲಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥